ಯಾವ ಗಾಡಿ ಮೇಲು, ಯಾರಿಗೆ ಮೇಲು? – ‘ಯೂನಿಟ್’ ಪಾಠವನ್ನು ಎರಡು ಸಲ ಕಲಿಸಿದ ಅನುಭವ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ವಿದ್ಯುಚ್ಛಕ್ತಿ’ ಘಟಕದ ಕೊನೆಗೆ ವಿದ್ಯುತ್ ಸಾಮರ್ಥ್ಯ ಮತ್ತು ಕಿಲೋವ್ಯಾಟ್ ಗಂಟೆಯ ಭಾಗ ಬರುತ್ತದೆ. ಚಿಕ್ಕ ಭಾಗ. ಸೂತ್ರ ಹೇಳಿ, ಎರಡು ಲೆಕ್ಕ ಮಾಡಿಸಿ ಒಂದು ಅವಧಿಯಲ್ಲಿ ಮುಗಿಸಬಹುದು. ಬೋಧನಾಭ್ಯಾಸದ ಸಮಯದಲ್ಲಿ ಈ ಭಾಗವನ್ನು ನಾನು ಎರಡು ಶಾಲೆಗಳಲ್ಲಿ ಕಲಿಸಿದೆ. ಮೊದಲು ಗುಬ್ಬಿಯಲ್ಲಿ, ಕೆಲವು ವಾರಗಳ ನಂತರ ಕುಣಿಗಲ್‌ನಲ್ಲಿ. ಎರಡೂ ಕಡೆ ತೆಗೆದುಕೊಂಡ ಉದಾಹರಣೆ ಒಂದೇ: ದಿನನಿತ್ಯದ ಓಡಾಟಕ್ಕೆ ಪೆಟ್ರೋಲ್ ಗಾಡಿ, ಸಿಎನ್‌ಜಿ ಗಾಡಿ, ಹೈಬ್ರಿಡ್ ಕಾರು, ಎಲೆಕ್ಟ್ರಿಕ್ ಗಾಡಿ ಇವುಗಳಲ್ಲಿ ಯಾವುದು ಒಳ್ಳೆಯದು?

ಮೊದಲ ಪಾಠ ವೀಕ್ಷಕರ ಪಟ್ಟಿಯಲ್ಲಿ ಒಳ್ಳೆಯ ಅಂಕ ಪಡೆಯಿತು. ಆದರೆ ಅದು ತಪ್ಪು ಪಾಠ. ಎರಡನೆಯದರಲ್ಲಿ ಗಲಾಟೆ ಹೆಚ್ಚು, ಸಮಯವೂ ಸಾಲಲಿಲ್ಲ. ಆದರೆ ಮಕ್ಕಳು ಕಲಿತದ್ದು ಅಲ್ಲಿ. ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಗಳನ್ನೂ ಪೂರ್ತಿಯಾಗಿ ಕೊಟ್ಟಿದ್ದೇನೆ. ಬೇಕಾದವರು ತಮ್ಮ ಊರಿನ ದರ ಹಾಕಿಕೊಂಡು ಬಳಸಬಹುದು.

ಮೊದಲ ಪಾಠ: ಗುಬ್ಬಿ

ಪಾಠಯೋಜನೆಯನ್ನು 5ಇ ಮಾದರಿಯಲ್ಲೇ ಬರೆದಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಎರಡು ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಒಂದರಲ್ಲಿ ಪೆಟ್ರೋಲ್ ಬಂಕ್, ಕಪ್ಪು ಹೊಗೆ. ಇನ್ನೊಂದರಲ್ಲಿ ಎಲೆಕ್ಟ್ರಿಕ್ ಕಾರು, ಪಕ್ಕದಲ್ಲಿ ಹಸಿರು ಎಲೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ದಿನಾ ಹೋಗಿ ಬರುವವರು ಬಹಳ ಮಂದಿ. ಆದ್ದರಿಂದ ದಿನಕ್ಕೆ 40 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 1,000 ಕಿ.ಮೀ. ಎಂದು ಹಿಡಿದು ಸ್ಕೂಟರಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿದೆ.

ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಓಡಿದರೆ 1,000 ಕಿ.ಮೀ.ಗೆ 22.2 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 2,290 ರೂಪಾಯಿ. ಎಲೆಕ್ಟ್ರಿಕ್ ಸ್ಕೂಟರ್, ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ, ಯೂನಿಟ್ಟಿಗೆ 25 ಕಿ.ಮೀ. ಓಡಿದರೆ 40 ಯೂನಿಟ್. ಸ್ಥಿರ ಶುಲ್ಕ, ತೆರಿಗೆ ಎಲ್ಲ ಸೇರಿಸಿ ಯೂನಿಟ್ಟಿಗೆ ಅಂದಾಜು 7 ರೂಪಾಯಿ ಹಿಡಿದರೆ 280 ರೂಪಾಯಿ. ತಿಂಗಳಿಗೆ 2,010 ರೂಪಾಯಿ ಉಳಿತಾಯ. ಎಲೆಕ್ಟ್ರಿಕ್ ಸ್ಕೂಟರಿಗೆ 30,000 ರೂಪಾಯಿ ಹೆಚ್ಚು ಕೊಟ್ಟಿದ್ದರೂ 15 ತಿಂಗಳಲ್ಲಿ ಅದು ವಾಪಸ್ ಬರುತ್ತದೆ.

ಕೊನೆಗೆ ‘ಹಾಗಾದರೆ ಯಾವುದು ಉತ್ತಮ?’ ಎಂದು ಕೇಳಿದೆ. ಇಡೀ ತರಗತಿ ಒಂದೇ ಧ್ವನಿಯಲ್ಲಿ ‘ಎಲೆಕ್ಟ್ರಿಕ್’ ಎಂದಿತು. ನನಗೆ ಖುಷಿಯಾಯಿತು. ಅಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

‘ಮಿಸ್, ನಮ್ಮನೆ ಕರೆಂಟ್ ಬಿಲ್ಲು ಸೊನ್ನೆ ಬತ್ತೈತೆ. ಗಾಡಿ ಚಾರ್ಜಿಗೆ ಹಾಕುದ್ರೂ ಸೊನ್ನೇನೇ ಬತ್ತೈತಾ?’

ಅವಳ ಹಿಂದೆಯೇ ಇನ್ನೊಬ್ಬ ಹುಡುಗ: ‘ಪಾವಗಡದಲ್ಲಿ ಬಿಸಿಲಿಂದ ಕರೆಂಟ್ ತೆಗೀತಾರಲ್ಲ ಮಿಸ್, ರಾತ್ರಿ ಹೊತ್ತು ಗಾಡಿಗೆ ಯಾವ ಕರೆಂಟ್ ಬತ್ತೈತೆ?’

ಮೊದಲನೆಯದಕ್ಕೆ ‘ಸ್ವಲ್ಪ ಬರಬಹುದು’ ಎಂದೆ. ಎರಡನೆಯದಕ್ಕೆ ‘ಅದನ್ನು ಮುಂದಿನ ಪಾಠದಲ್ಲಿ ನೋಡೋಣ’ ಎಂದೆ. ಗಂಟೆ ಹೊಡೆಯಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಅಂಕ ಕೊಟ್ಟು ಕೆಳಗೆ ಒಂದು ಸಾಲು ಬರೆದಿದ್ದರು: ‘ಉತ್ತರವನ್ನು ಚಾರ್ಟಿನಲ್ಲೇ ಬರೆದು ತಂದಿದ್ದೀರಿ. ಮಕ್ಕಳಿಗೆ ಮಾಡಲು ಏನು ಉಳಿದಿತ್ತು?’

ಆ ಸಾಲಿನ ಅರ್ಥ ಪೂರ್ತಿ ಆದದ್ದು ಮರುದಿನ. ಅದೇ ಹುಡುಗಿ ಪ್ರಾರ್ಥನೆಯ ನಂತರ ಬಂದು ಹೇಳಿದಳು: ಅವಳ ಅಕ್ಕ ದಿನಾ ತುಮಕೂರಿಗೆ ಕೆಲಸಕ್ಕೆ ಹೋಗುತ್ತಾಳೆ, ಹಳೇ ಸ್ಕೂಟರ್ ಕೊಟ್ಟು ಎಲೆಕ್ಟ್ರಿಕ್ ತೆಗೆದುಕೊಳ್ಳುವ ಮಾತು ಮನೆಯಲ್ಲಿ ನಡೆದಿದೆ, ‘ಮಿಸ್ ಲೆಕ್ಕ ಮಾಡಿ ತೋರ್ಸವ್ರೆ, ಹದಿನೈದು ತಿಂಗಳಿಗೆ ದುಡ್ಡು ವಾಪಸ್’ ಎಂದು ಅವಳು ಅಪ್ಪನಿಗೆ ಹೇಳಿಬಿಟ್ಟಿದ್ದಾಳೆ. ನನ್ನ ಉದಾಹರಣೆ ಒಂದು ಮನೆಯ ಸಾಲದ ತೀರ್ಮಾನಕ್ಕೆ ಆಧಾರವಾಗಿತ್ತು. ಅವಳು ಕೇಳಿದ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಟ್ಟಿರಲಿಲ್ಲ.

ಸೊನ್ನೆ ಬಿಲ್ಲಿನ ಲೆಕ್ಕ

ಅವಳ ಮನೆಯ ಬೆಸ್ಕಾಂ ಬಿಲ್ಲು ತರಿಸಿ ನೋಡಿದೆ. ಗೃಹಜ್ಯೋತಿ ಯೋಜನೆಯ ನಿಯಮ ಸಾಮಾನ್ಯವಾಗಿ ಹೀಗೆ: 2022–23ರ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಬಳಸಿದ ಯೂನಿಟ್ಟಿಗೆ ಶೇ. 10 ಸೇರಿಸಿದರೆ ಅದು ಉಚಿತ ಮಿತಿ. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಅವರದು ಫ್ರಿಜ್, ನೀರಿನ ಮೋಟಾರು ಎಲ್ಲ ಇರುವ ತುಂಬು ಮನೆ. ಸರಾಸರಿ 160 ಯೂನಿಟ್ ಇದ್ದುದರಿಂದ ಉಚಿತ ಮಿತಿ 176. ಈಗ ತಿಂಗಳಿಗೆ ಹೆಚ್ಚುಕಡಿಮೆ 165 ಬಳಸುತ್ತಾರೆ, ಬಿಲ್ಲು ಸೊನ್ನೆ. ಅದಕ್ಕೆ ಸ್ಕೂಟರಿನ 40 ಸೇರಿದರೆ 205. ಐದೇ ಯೂನಿಟ್ ಹೆಚ್ಚು, ಆದರೆ ಪೂರ್ತಿ 205ಕ್ಕೂ ಹಣ ಕಟ್ಟಬೇಕು: 205 × 7 = 1,435 ರೂಪಾಯಿ. ಅಂದರೆ ಆ ಮನೆಗೆ ಸ್ಕೂಟರ್ ಓಡಿಸುವ ಖರ್ಚು 280 ಅಲ್ಲ, 1,435. ಪೆಟ್ರೋಲಿಗೆ ಹೋಲಿಸಿದರೆ ಉಳಿಯುವುದು 855 ರೂಪಾಯಿ. 30,000 ವಾಪಸ್ ಬರಲು 15 ತಿಂಗಳಲ್ಲ, 35 ತಿಂಗಳು.

ಆದರೆ ಅದೇ ಮನೆ ತಿಂಗಳಿಗೆ 10 ಯೂನಿಟ್ ಉಳಿಸಿ 195ಕ್ಕೆ ನಿಂತರೆ, 176 ಕಳೆದು 19 ಯೂನಿಟ್ಟಿಗೆ ಮಾತ್ರ ಹಣ: 133 ರೂಪಾಯಿ. ಹತ್ತು ಯೂನಿಟ್ಟಿನ ಮೇಲೆ 1,300 ರೂಪಾಯಿ ನಿಂತಿದೆ. ತರಗತಿಯ ಉಳಿದ ಮಕ್ಕಳಲ್ಲಿ ಬಹುಪಾಲು ಮನೆಗಳ ಬಳಕೆ 100 ಯೂನಿಟ್ಟಿನ ಒಳಗೇ ಇತ್ತು. ಅವರಿಗೆ ಈ ತೊಂದರೆ ಇಲ್ಲ. ಸ್ಕೂಟರ್ ಸೇರಿದರೂ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಕಟ್ಟಿದರೆ ಸಾಕು.

ಒಂದೇ ಊರು, ಒಂದೇ ಗಾಡಿ, ಒಂದೇ ದೂರ. ಎರಡು ಮನೆಗೆ ಎರಡು ಉತ್ತರ. ‘ಯಾವ ಗಾಡಿ ಉತ್ತಮ?’ ಎಂಬ ನನ್ನ ಪ್ರಶ್ನೆಯೇ ಅರ್ಧ ಪ್ರಶ್ನೆಯಾಗಿತ್ತು. ಗಾಡಿಗಳನ್ನು ಹೋಲಿಸುವ ಮೊದಲು ಮನೆಯನ್ನು, ಅದರ ಓಡಾಟವನ್ನು ನಿಲ್ಲಿಸಿಕೊಳ್ಳಬೇಕಿತ್ತು.

ಯೋಜನೆಯನ್ನು ಬದಲಿಸಿದ್ದು

ಕುಣಿಗಲ್ ಶಾಲೆಗೆ ಹೋಗುವ ಮೊದಲು ಮೂರು ಬದಲಾವಣೆ ಮಾಡಿಕೊಂಡೆ.

ಒಂದು, ಚಾರ್ಟ್ ಬಿಟ್ಟೆ. ಬದಲಿಗೆ ‘ಓಡಾಟದ ಕಾರ್ಡ್’ಗಳನ್ನು ಬರೆದೆ. ಪ್ರತಿ ಕಾರ್ಡಿನಲ್ಲೂ ಒಂದು ಮನೆ, ತಿಂಗಳಿಗೆ ಎಷ್ಟು ಕಿ.ಮೀ., ಚಾರ್ಜ್ ಮಾಡಲು ಜಾಗ ಎಲ್ಲಿದೆ ಎಂಬುದಷ್ಟೇ. ಉತ್ತರ ಇಲ್ಲ.

ಎರಡು, ಹಿಂದಿನ ದಿನವೇ ಮಕ್ಕಳಿಗೆ ಮನೆಯ ಕರೆಂಟ್ ಬಿಲ್ಲು ನೋಡಿ ಯೂನಿಟ್ ಬರೆದುಕೊಂಡು ಬರಲು ಹೇಳಿದೆ. ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ದರ ನೋಡಿಕೊಂಡು ಬರಲು ಇಬ್ಬರಿಗೆ ಹೇಳಿದೆ.

ಮೂರು, ಒಂದು ಅವಧಿಯ ಪಾಠವನ್ನು ಎರಡು ಅವಧಿಗೆ ಹಂಚಿದೆ. ಮೊದಲನೆಯದು ಸಾಮರ್ಥ್ಯ ಮತ್ತು ಶಕ್ತಿಯ ವ್ಯತ್ಯಾಸಕ್ಕೆ, ಎರಡನೆಯದು ಹೋಲಿಕೆಗೆ. ಗುಬ್ಬಿಯಲ್ಲಿ ಮಕ್ಕಳು ಲೆಕ್ಕ ಮಾಡಿದ್ದರೂ ಕಿಲೋವ್ಯಾಟ್ ಯಾವುದು, ಕಿಲೋವ್ಯಾಟ್ ಗಂಟೆ ಯಾವುದು ಎಂಬ ಗೊಂದಲ ಹಾಗೇ ಉಳಿದಿತ್ತು ಎಂಬುದು ಅವರ ನೋಟ್‌ಬುಕ್ ತಿದ್ದುವಾಗ ಗೊತ್ತಾಗಿತ್ತು.

ಎರಡನೆಯ ಪಾಠ: ಕುಣಿಗಲ್, ಮೊದಲ ಅವಧಿ

ಕುಣಿಗಲ್‌ನ ಮಕ್ಕಳಿಗೆ ಕುದುರೆ ಹೊಸದಲ್ಲ. ಅಲ್ಲಿನ ಸ್ಟಡ್ ಫಾರಂ ಟಿಪ್ಪು ಕಾಲದಿಂದ ಹೆಸರಾದದ್ದು. ಅದರಿಂದಲೇ ಶುರು ಮಾಡಿದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಸ್ಕೂಟರಿನ ಮೋಟಾರು 6 ಕಿಲೋವ್ಯಾಟ್ ಇದ್ದರೆ ಎಷ್ಟು ಕುದುರೆ? ಮಕ್ಕಳೇ ಭಾಗಿಸಿ ‘ಎಂಟು’ ಎಂದರು. ಚಾರ್ಜರ್ 750 ವ್ಯಾಟ್ ಇದ್ದರೆ? ‘ಒಂದು ಕುದುರೆ’. ಮನೆಯ ಮಿಕ್ಸಿಯೂ ಹೆಚ್ಚುಕಡಿಮೆ ಅಷ್ಟೇ ಎಂದಾಗ ಹಲವರಿಗೆ ನಂಬಿಕೆಯಾಗಲಿಲ್ಲ. ‘ಗಾಡಿ ದೊಡ್ಡದು, ಜಾಸ್ತಿ ಕರೆಂಟ್ ಎಳೀಬೇಕಲ್ಲ?’ ಎಂದು ಒಬ್ಬ ಕೇಳಿದ.

ಪಾಠದ ತಿರುಳು ಇಲ್ಲಿದೆ. ಮಿಕ್ಸಿ ಐದು ನಿಮಿಷ ಓಡುತ್ತದೆ, ಚಾರ್ಜರ್ ನಾಲ್ಕು ಗಂಟೆ ಓಡುತ್ತದೆ. ಎಳೆಯುವ ವೇಗ ಒಂದೇ. ಒಟ್ಟು ಎಳೆದದ್ದು ಬೇರೆ. 0.75 ಕಿಲೋವ್ಯಾಟ್ × 4 ಗಂಟೆ = 3 ಯೂನಿಟ್. ಸಾಮರ್ಥ್ಯ ಎಂದರೆ ನಲ್ಲಿಯಲ್ಲಿ ನೀರು ಬರುವ ರಭಸ, ಶಕ್ತಿ ಎಂದರೆ ಬಿಂದಿಗೆಯಲ್ಲಿ ತುಂಬಿದ ನೀರು ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿದಳು. ನಾನು ಅದನ್ನೇ ಹಲಗೆಯ ಮೇಲೆ ಬರೆದೆ.

ಮುಂದೆ ‘ಸಾಮರ್ಥ್ಯ = ವಿಭವಾಂತರ × ವಿದ್ಯುತ್ ಪ್ರವಾಹ’ ಸೂತ್ರವನ್ನು ಬಳಸಿದೆವು. 230 ವೋಲ್ಟಿನಲ್ಲಿ ಸ್ಕೂಟರ್ ಚಾರ್ಜರ್ ಎಳೆಯುವುದು 3.3 ಆಂಪಿಯರ್. 3.3 ಕಿಲೋವ್ಯಾಟಿನ ಕಾರ್ ಚಾರ್ಜರ್ ಎಳೆಯುವುದು 14.3 ಆಂಪಿಯರ್. ಸ್ಕೂಟರಿಗೆ ಮನೆಯ ಸಾಮಾನ್ಯ ಪ್ಲಗ್ ಸಾಕು. ಕಾರಿಗೆ 16 ಆಂಪಿಯರಿನ ಪ್ರತ್ಯೇಕ ಪ್ಲಗ್, ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇರುವ ಮನೆಯವರು ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಲ್ಲಿ ಬರೆದಿದೆ ಎಂದು ಮಕ್ಕಳು ತಾವೇ ಹುಡುಕಿದರು.

ಎರಡನೆಯ ಅವಧಿ: ಮೂರು ಕಾರ್ಡು

ಮೊದಲು ಹೈಬ್ರಿಡ್ ಎಂದರೇನು ಎಂಬುದನ್ನು ಐದು ನಿಮಿಷ ವಿವರಿಸಿದೆ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಮೋಟಾರೂ ಚಿಕ್ಕ ಬ್ಯಾಟರಿಯೂ ಇದೆ. ಬ್ರೇಕ್ ಹಾಕಿದಾಗ ಸಾಮಾನ್ಯ ಕಾರಿನಲ್ಲಿ ಚಲನಶಕ್ತಿ ಬಿಸಿಯಾಗಿ ಹೋಗುತ್ತದೆ. ಇಲ್ಲಿ ಮೋಟಾರೇ ಸೈಕಲ್ಲಿನ ಡೈನಮೋ ಥರ ತಿರುಗಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ತುಂಬುತ್ತದೆ. ಪ್ಲಗ್ಗಿಗೆ ಹಾಕುವ ಹಾಗಿಲ್ಲ, ಹಾಕುವ ಅಗತ್ಯವೂ ಇಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಇಂಥ ಕಾರುಗಳು ತಯಾರಾಗುತ್ತವೆ. ನಿಂತು ನಿಂತು ಹೋಗುವ ಊರೊಳಗಿನ ಓಡಾಟದಲ್ಲಿ ಇದರ ಲಾಭ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ.

ಆಮೇಲೆ ಗುಂಪುಗಳಿಗೆ ಕಾರ್ಡು ಹಂಚಿದೆ. ಹಲಗೆಯ ಮೇಲೆ ಎಲ್ಲರಿಗೂ ಒಂದೇ ದರ ಬರೆದೆ. ಪೆಟ್ರೋಲ್ ಲೀಟರಿಗೆ 103 ರೂ., ಸಿಎನ್‌ಜಿ ಕೆ.ಜಿ.ಗೆ 90 ರೂ., ಮನೆಯ ಕರೆಂಟು ಯೂನಿಟ್ಟಿಗೆ 7 ರೂ., ದಾರಿಯ ಚಾರ್ಜಿಂಗ್ ಕೇಂದ್ರದಲ್ಲಿ ಯೂನಿಟ್ಟಿಗೆ 20 ರೂ. ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ., ಹೈಬ್ರಿಡ್ 22 ಕಿ.ಮೀ., ಸಿಎನ್‌ಜಿ ಕೆ.ಜಿ.ಗೆ 22 ಕಿ.ಮೀ., ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ 7 ಕಿ.ಮೀ. ಪೆಟ್ರೋಲ್ ಕಾರಿಗಿಂತ ಬೆಲೆ ಹೆಚ್ಚಳ: ಸಿಎನ್‌ಜಿಗೆ 90,000, ಎಲೆಕ್ಟ್ರಿಕ್‌ಗೆ 3 ಲಕ್ಷ, ಹೈಬ್ರಿಡ್‌ಗೆ 4 ಲಕ್ಷ. ಇವೆಲ್ಲ ಲೆಕ್ಕಕ್ಕೆ ಹಿಡಿದ ಅಂಕಿಗಳು, ನಿಮ್ಮ ಮನೆಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ ಎಂದು ಮೊದಲೇ ಹೇಳಿದೆ.

ಕಾರ್ಡ್ 1: ಸ್ಕೂಟರ್, ದಿನಕ್ಕೆ 40 ಕಿ.ಮೀ. ಇದು ಗುಬ್ಬಿಯ ಲೆಕ್ಕವೇ. ಈ ಸಲ ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಯೂನಿಟ್ಟಿಗೆ 40 ಸೇರಿಸಿ, 200 ದಾಟುತ್ತದೆಯೇ ನೋಡಿದರು. ಎಲ್ಲರ ಉತ್ತರವೂ ಒಂದೇ ಆಗಲಿಲ್ಲ.

ಕಾರ್ಡ್ 2: ಕುಣಿಗಲ್‌ನ ಒಂದು ಮನೆ. ಕಾರು ಊರೊಳಗೆ, ತೋಟಕ್ಕೆ, ಅಪರೂಪಕ್ಕೆ ನೆಂಟರ ಊರಿಗೆ. ತಿಂಗಳಿಗೆ 400 ಕಿ.ಮೀ. ಪೆಟ್ರೋಲಾದರೆ 25 ಲೀಟರ್, 2,575 ರೂಪಾಯಿ. ಎಲೆಕ್ಟ್ರಿಕ್ ಆದರೆ 57 ಯೂನಿಟ್, ಸುಮಾರು 400 ರೂಪಾಯಿ. ಉಳಿತಾಯ 2,175. ಹೆಚ್ಚು ಕೊಟ್ಟ 3 ಲಕ್ಷ ಹಿಂದೆ ಬರಲು 138 ತಿಂಗಳು, ಅಂದರೆ ಹನ್ನೊಂದೂವರೆ ವರ್ಷ. ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ವಾರಂಟಿ 8 ವರ್ಷ. ದುಡ್ಡಿನ ದೃಷ್ಟಿಯಿಂದ ಈ ಮನೆಗೆ ಪೆಟ್ರೋಲ್ ಕಾರೇ ಸರಿ ಎಂದು ಆ ಗುಂಪು ಬರೆಯಿತು. ಗುಬ್ಬಿಯ ನನ್ನ ಚಾರ್ಟಿನಲ್ಲಿ ಈ ಉತ್ತರಕ್ಕೆ ಜಾಗವೇ ಇರಲಿಲ್ಲ.

ಕಾರ್ಡ್ 3: ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿ ಬರುವ ಕಾರು. ದಿನಕ್ಕೆ 140 ಕಿ.ಮೀ., ತಿಂಗಳಿಗೆ 3,500 ಕಿ.ಮೀ. ಗುಂಪು ಮಾಡಿದ ಲೆಕ್ಕ:

ಪೆಟ್ರೋಲ್: 219 ಲೀಟರ್, ಸುಮಾರು 22,530 ರೂಪಾಯಿ.
ಹೈಬ್ರಿಡ್: 159 ಲೀಟರ್, ಸುಮಾರು 16,390 ರೂಪಾಯಿ. 4 ಲಕ್ಷ ಹಿಂದೆ ಬರಲು 65 ತಿಂಗಳು.
ಸಿಎನ್‌ಜಿ: 159 ಕೆ.ಜಿ., ಸುಮಾರು 14,320 ರೂಪಾಯಿ. 90,000 ಹಿಂದೆ ಬರಲು 11 ತಿಂಗಳು.
ಎಲೆಕ್ಟ್ರಿಕ್, ಮನೆಯಲ್ಲೇ ಚಾರ್ಜ್: 500 ಯೂನಿಟ್, 3,500 ರೂಪಾಯಿ. 3 ಲಕ್ಷ ಹಿಂದೆ ಬರಲು 16 ತಿಂಗಳು.
ಎಲೆಕ್ಟ್ರಿಕ್, ಪೂರ್ತಿ ಹೊರಗೆ ಚಾರ್ಜ್: 10,000 ರೂಪಾಯಿ. 3 ಲಕ್ಷ ಹಿಂದೆ ಬರಲು 24 ತಿಂಗಳು.

ಇಲ್ಲಿ ಗುಂಪಿನಲ್ಲಿ ಜಗಳವೇ ಆಯಿತು. ಅರ್ಧ ಮಂದಿ ಸಿಎನ್‌ಜಿ ಎಂದರು, ಹಣ ಬೇಗ ವಾಪಸ್ ಬರುತ್ತದೆ. ಅರ್ಧ ಮಂದಿ ಎಲೆಕ್ಟ್ರಿಕ್ ಎಂದರು. ಐದು ವರ್ಷಕ್ಕೆ ಗುಣಿಸಿ ನೋಡಿ ಎಂದೆ. ಹೆಚ್ಚು ಕೊಟ್ಟ ಬೆಲೆ ಕಳೆದ ಮೇಲೆ ಸಿಎನ್‌ಜಿಯಲ್ಲಿ ಉಳಿಯುವುದು ಸುಮಾರು 4 ಲಕ್ಷ. ಮನೆಯಲ್ಲಿ ಚಾರ್ಜ್ ಮಾಡುವ ಎಲೆಕ್ಟ್ರಿಕ್‌ನಲ್ಲಿ ಸುಮಾರು 8 ಲಕ್ಷ 40 ಸಾವಿರ. ಎಲೆಕ್ಟ್ರಿಕ್ ಪಕ್ಷದವರು ಗೆದ್ದೆವೆಂದು ಕೂಗಿದರು. ಆಗ ಒಬ್ಬ ಹುಡುಗ, ಅವನ ಮಾವ ಬಾಡಿಗೆ ಕಾರು ಓಡಿಸುತ್ತಾರಂತೆ, ಮೆಲ್ಲಗೆ ಹೇಳಿದ: ‘ಕಂತು ಕಟ್ಟೋದು ತಿಂಗಳು ತಿಂಗಳು ಮಿಸ್. ಲಾಭ ಐದು ವರ್ಷಕ್ಕೆ. ನಮ್ಮ ಮಾವ ಅಲ್ಲೀವರೆಗೆ ಹೆಂಗೆ ಕಾಯ್ತಾರೆ?’

ನಾನು ಕೊಟ್ಟ ದರಪಟ್ಟಿಯಲ್ಲಿ ಬಡ್ಡಿ ಇರಲಿಲ್ಲ. ಹೆಚ್ಚುವರಿ 3 ಲಕ್ಷಕ್ಕೆ ಶೇ. 10ರ ಸರಳ ಬಡ್ಡಿ ಹಾಕಿದರೂ ವರ್ಷಕ್ಕೆ 30,000 ಎಂದು ಅಲ್ಲೇ ಲೆಕ್ಕ ಮಾಡಿದೆವು. ಜೊತೆಗೆ ಇನ್ನೊಂದು ಪ್ರಶ್ನೆ ಎದ್ದಿತು. ಚಿಕ್ಕ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 24 ಯೂನಿಟ್ ಇದ್ದರೆ, ಯೂನಿಟ್ಟಿಗೆ 7ರಂತೆ 168 ಕಿ.ಮೀ. ಆಗುತ್ತದೆ. 140 ಕಿ.ಮೀ. ಓಡುವವನಿಗೆ ಉಳಿಯುವ ಅಂತರ 28 ಕಿ.ಮೀ. ಮಾತ್ರ. ಮನೆಯವರಿಗೆ ಜ್ವರ ಬಂದು ಅದೇ ರಾತ್ರಿ ಮತ್ತೆ ತುಮಕೂರಿಗೆ ಹೋಗಬೇಕಾದರೆ? 3.3 ಕಿಲೋವ್ಯಾಟಿನಲ್ಲಿ ಪೂರ್ತಿ ತುಂಬಲು ಏಳು ಗಂಟೆಗೂ ಮೇಲೆ ಬೇಕು ಎಂದು ಅವರೇ ಭಾಗಿಸಿದರು.

ಹೊಗೆಯ ಲೆಕ್ಕ

ಗುಬ್ಬಿಯ ಹುಡುಗನ ಪ್ರಶ್ನೆ ಇನ್ನೂ ಬಾಕಿ ಇತ್ತು. ರಾತ್ರಿ ಚಾರ್ಜಿಗೆ ಹಾಕಿದ ಗಾಡಿಗೆ ಯಾವ ಕರೆಂಟು? ನಮ್ಮದೇ ಜಿಲ್ಲೆಯ ಪಾವಗಡದ ಸೌರ ಪಾರ್ಕ್ 2,050 ಮೆಗಾವ್ಯಾಟಿನದು, ಸುಮಾರು 13,000 ಎಕರೆಯಲ್ಲಿದೆ. ಆದರೆ ಅದು ದುಡಿಯುವುದು ಹಗಲಿನಲ್ಲಿ. ರಾತ್ರಿ ಪ್ಲಗ್ಗಿಗೆ ಬರುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣುಶಕ್ತಿ, ಗಾಳಿ ಮತ್ತು ಹೊರರಾಜ್ಯಗಳಿಂದ ಬಂದ ವಿದ್ಯುತ್ತು, ಎಲ್ಲ ಒಂದೇ ತಂತಿಯಲ್ಲಿ ಬೆರೆತು. ಆದ್ದರಿಂದ ದೇಶದ ಸರಾಸರಿಯನ್ನೇ ಹಿಡಿದೆವು: ಒಂದು ಯೂನಿಟ್ಟಿಗೆ ಸುಮಾರು 0.72 ಕೆ.ಜಿ. ಕಾರ್ಬನ್ ಡೈಆಕ್ಸೈಡ್.

ಪೆಟ್ರೋಲಿಗೆ ಎಷ್ಟು? ಇದನ್ನು ಮಕ್ಕಳಿಂದಲೇ ತೆಗೆಸಬಹುದು. ಪೆಟ್ರೋಲನ್ನು ಆಕ್ಟೇನ್ ಎಂದು ಹಿಡಿದರೆ ಒಂದು ಅಣುವಿನಲ್ಲಿ 8 ಕಾರ್ಬನ್, 18 ಹೈಡ್ರೋಜನ್; ಅಣುತೂಕ 114. ಉರಿದಾಗ 8 ಕಾರ್ಬನ್ ಡೈಆಕ್ಸೈಡ್ ಅಣು ಬರುತ್ತವೆ, ತೂಕ 352. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ. 740 × 352 ÷ 114 ಮಾಡಿದರೆ 2.3 ಕೆ.ಜಿ. ‘ಮುಕ್ಕಾಲು ಕೆ.ಜಿ. ಉರಿದ್ರೆ ಎರಡು ಕೆ.ಜಿ. ಹೆಂಗೆ ಬರುತ್ತೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಕ್ಸಿಜನ್ ಗಾಳಿಯಿಂದ ಸೇರಿತು ಎಂಬ ಉತ್ತರವೂ ತರಗತಿಯಿಂದಲೇ ಬಂತು. ‘ರಾಸಾಯನಿಕ ಕ್ರಿಯೆಗಳು’ ಪಾಠ ಇಲ್ಲಿ ಉಪಯೋಗಕ್ಕೆ ಬಂದಷ್ಟು ಆ ಪಾಠದ ದಿನವೂ ಬಂದಿರಲಿಲ್ಲ. ಸಿಎನ್‌ಜಿಯಲ್ಲಿ ಇರುವುದು ಬಹುಪಾಲು ಮೀಥೇನ್. 16 ಗ್ರಾಂ ಉರಿದರೆ 44 ಗ್ರಾಂ, ಅಂದರೆ ಕೆ.ಜಿ.ಗೆ 2.75.

ಕಾರ್ಡ್ 3ರ ತಿಂಗಳ ಹೊಗೆ ಹೀಗೆ ಬಂತು: ಪೆಟ್ರೋಲ್ 503 ಕೆ.ಜಿ., ಸಿಎನ್‌ಜಿ 437, ಹೈಬ್ರಿಡ್ 366, ಎಲೆಕ್ಟ್ರಿಕ್ 360. ಹೈಬ್ರಿಡ್ಡೂ ಎಲೆಕ್ಟ್ರಿಕ್ಕೂ ಹೆಚ್ಚುಕಡಿಮೆ ಒಂದೇ! ಮಕ್ಕಳಿಗಿಂತ ಹೆಚ್ಚು ಆಶ್ಚರ್ಯವಾದದ್ದು ನನಗೆ. ನನ್ನ ಹಸಿರು ಎಲೆಯ ಚಾರ್ಟ್ ನೆನಪಾಯಿತು. ಸ್ಕೂಟರಿನಲ್ಲಿ ವ್ಯತ್ಯಾಸ ಚೆನ್ನಾಗಿಯೇ ಇದೆ: ಪೆಟ್ರೋಲಿಗೆ 51 ಕೆ.ಜಿ., ಎಲೆಕ್ಟ್ರಿಕ್‌ಗೆ 29.

ಕಾರಣವನ್ನೂ ಹುಡುಕಿದೆವು. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಯೂನಿಟ್. ಸ್ಕೂಟರ್ ಅದರಲ್ಲಿ 45 ಕಿ.ಮೀ. ಓಡಿದರೆ ಕಿ.ಮೀ.ಗೆ 0.2 ಯೂನಿಟ್. ಎಲೆಕ್ಟ್ರಿಕ್‌ಗೆ 0.04. ಐದು ಪಟ್ಟು ಕಡಿಮೆ, ಏಕೆಂದರೆ ಎಂಜಿನ್ನಿನಲ್ಲಿ ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿ ಹೊರಟುಹೋಗುತ್ತದೆ. ಆದರೆ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಮನೆಗೆ ತಲುಪಿಸಲು ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಉರಿಸಬೇಕು. ಬಿಸಿ ವ್ಯರ್ಥವಾಗುವುದು ತಪ್ಪಿಲ್ಲ. ಅರ್ಧ ರಸ್ತೆಯಿಂದ ರಾಯಚೂರಿಗೆ ಸ್ಥಳ ಬದಲಾಯಿಸಿದೆ. ಬಿ.ಎಚ್. ರಸ್ತೆಯಲ್ಲಿ ಉಸಿರಾಡುವವನಿಗೆ ಅದೂ ದೊಡ್ಡ ಲಾಭವೇ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಹೇಳಲೇಬೇಕು. ಪೆಟ್ರೋಲಿನ 2.3 ಎಂಬ ಸಂಖ್ಯೆ ರಸಾಯನಶಾಸ್ತ್ರದ್ದು, ಯಾವತ್ತಿಗೂ ಬದಲಾಗುವುದಿಲ್ಲ. ಕರೆಂಟಿನ 0.72 ಮಾತ್ರ ಗಾಳಿ, ಬಿಸಿಲಿನ ಪಾಲು ಹೆಚ್ಚಿದಂತೆ ಇಳಿಯುತ್ತದೆ. ಅದು 0.5 ಆದರೆ ಕಾರ್ಡ್ 3ರ ಎಲೆಕ್ಟ್ರಿಕ್ ಕಾರಿನ ಹೊಗೆ 250 ಕೆ.ಜಿ.; ಹೈಬ್ರಿಡ್‌ನದು ಆಗಲೂ 366. ಹಗಲು ಹೊತ್ತು ಕೆಲಸದ ಜಾಗದಲ್ಲೇ ಚಾರ್ಜ್ ಮಾಡಿದರೆ ಪಾವಗಡದ ಬಿಸಿಲಿನ ಪಾಲೂ ಹೆಚ್ಚುತ್ತದೆ. ಬ್ಯಾಟರಿ ತಯಾರಿಸುವಾಗಿನ ಹೊಗೆ, ಪೆಟ್ರೋಲ್ ಶುದ್ಧೀಕರಿಸುವಾಗಿನ ಹೊಗೆ ಎರಡನ್ನೂ ನಾವು ಸೇರಿಸಿಲ್ಲ ಎಂಬುದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಮೌಲ್ಯಮಾಪನ

ಗುಬ್ಬಿಯಲ್ಲಿ ಕೇಳಿದ್ದು ‘ಯಾವುದು ಉತ್ತಮ?’ ಕುಣಿಗಲ್‌ನಲ್ಲಿ ಕೊಟ್ಟ ಪ್ರಶ್ನೆ ಬೇರೆ: ‘ನಿಮ್ಮ ಮನೆಯ ತಿಂಗಳ ಓಡಾಟ ಬರೆಯಿರಿ. ಅದಕ್ಕೆ ಹೊಂದುವ ಗಾಡಿಯನ್ನು ಆರಿಸಿ. ಯಾವ ಒಂದು ಅಂಕಿ ಬದಲಾದರೆ ನಿಮ್ಮ ಉತ್ತರ ಬದಲಾಗುತ್ತದೆ?’ ಕೊನೆಯ ಭಾಗಕ್ಕೆ ಬಂದ ಉತ್ತರಗಳೇ ಮಕ್ಕಳ ತಿಳಿವಳಿಕೆಯನ್ನು ತೋರಿಸಿದವು. ‘ತಿಂಗಳಿಗೆ 400 ಬದಲು 1,500 ಕಿ.ಮೀ. ಓಡಿದರೆ’, ‘ಬಿಲ್ಲು 200 ದಾಟದಿದ್ದರೆ’, ‘ರಾತ್ರಿ ಕರೆಂಟ್ ಹೋಗದಿದ್ದರೆ’. ಒಬ್ಬಳು ‘ಬಸ್ಸಿನಲ್ಲಿ ಹೋದರೆ ಯಾವ ಗಾಡಿಯೂ ಬೇಡ’ ಎಂದು ಬರೆದಿದ್ದಳು. ಅವಳಿಗೂ ಪೂರ್ತಿ ಅಂಕ ಕೊಟ್ಟೆ.

ಇನ್ನೂ ಉಳಿದ ಕೊರತೆಗಳಿವೆ. ಎರಡು ಅವಧಿ ಸಾಲಲಿಲ್ಲ. ಹೊಗೆಯ ಲೆಕ್ಕವನ್ನು ಅವಸರದಲ್ಲಿ ಮಾಡಿದೆ. ಭಾಗಾಕಾರದಲ್ಲಿ ಹಿಂದುಳಿದ ಮಕ್ಕಳು ಗುಂಪಿನಲ್ಲಿ ಸುಮ್ಮನೆ ಕುಳಿತಿದ್ದರು. ಅವರಿಗೆ 1 ಕಿ.ಮೀ. ಲೆಕ್ಕದ ಸುಲಭ ಕಾರ್ಡು ಕೊಡಬೇಕಿತ್ತು. ಮನೆಯ ಬಿಲ್ಲು ತರಲು ಹೇಳಿದಾಗ ಗಾಡಿಯೇ ಇಲ್ಲದ ಮನೆಯ ಮಕ್ಕಳಿಗೆ ಮುಜುಗರ ಆಗಬಹುದು ಎಂಬುದು ತಡವಾಗಿ ಹೊಳೆಯಿತು. ಹೆಸರು ಬರೆಯದೆ ಯೂನಿಟ್ ಮಾತ್ರ ಚೀಟಿಯಲ್ಲಿ ಬರೆಸಿ, ಓಡಾಟದಲ್ಲಿ ಬಸ್ಸು, ಸೈಕಲ್ಲನ್ನೂ ಸೇರಿಸಿದರೆ ಒಳ್ಳೆಯದು.

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ. ದರ ಮತ್ತು ಗೃಹಜ್ಯೋತಿ ನಿಯಮವನ್ನು ಆ ತಿಂಗಳು ಮತ್ತೊಮ್ಮೆ ನೋಡಿಕೊಳ್ಳಿ, ನನ್ನ ಅಂಕಿಗಳನ್ನು ಹಾಗೇ ಬಳಸಬೇಡಿ. ಲೆಕ್ಕಕ್ಕೆ ಹಿಡಿದದ್ದು ಯಾವುದು, ನಿಜವಾಗಿ ನೋಡಿದ್ದು ಯಾವುದು ಎಂದು ಮಕ್ಕಳಿಗೆ ಬಿಡಿಸಿ ಹೇಳಿ. ಉತ್ತರವನ್ನು ಚಾರ್ಟಿನಲ್ಲಿ ತೆಗೆದುಕೊಂಡು ಹೋಗಬೇಡಿ. ನಾವು ಹೇಳಿದ್ದು ಸಂಜೆ ಮನೆಯಲ್ಲಿ ಅಪ್ಪ ಅಮ್ಮನ ಮುಂದೆ ಹೋಗಿ ಕೂರುತ್ತದೆ.

ಬೋಧನಾಭ್ಯಾಸ ಮುಗಿಯುವ ಮೊದಲು ಒಂದು ಶನಿವಾರ ಗುಬ್ಬಿಗೆ ಹೋಗಿ ಆ ಹುಡುಗಿಗೆ ಒಂದು ಹಾಳೆ ಕೊಟ್ಟೆ. ಅದರಲ್ಲಿ ಮೂರು ಸಾಲಿತ್ತು: 205 ಯೂನಿಟ್ ಆದರೆ 35 ತಿಂಗಳು, 195ಕ್ಕೆ ನಿಲ್ಲಿಸಿದರೆ 14 ತಿಂಗಳು, ನಾನು ತರಗತಿಯಲ್ಲಿ ಹೇಳಿದ 15 ತಿಂಗಳು ನಿಮ್ಮ ಮನೆಯ ಲೆಕ್ಕವಲ್ಲ. ಅವಳು ಹಾಳೆಯನ್ನು ನೋಡಿ, ಎರಡನೇ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ‘ಹತ್ತು ಯೂನಿಟ್ ಎಲ್ಲಿ ಉಳಿಸ್ಬೋದು ಮಿಸ್?’ ಎಂದು ಕೇಳಿದಳು. ಮನೆಯ ಪ್ರತಿ ಉಪಕರಣದ ವ್ಯಾಟ್ ಮತ್ತು ಗಂಟೆ ಬರೆದುಕೊಂಡು ಬಾ, ಇಬ್ಬರೂ ಕೂತು ನೋಡೋಣ ಎಂದೆ. ಸೋಮವಾರ ಅವಳು ಪಟ್ಟಿ ತಂದಳು. ಕಿಲೋವ್ಯಾಟ್ ಗಂಟೆಯ ಲೆಕ್ಕ ಹನ್ನೆರಡು ಸಾಲಿತ್ತು, ಒಂದೂ ತಪ್ಪಿರಲಿಲ್ಲ.